ಹಿರೇಕೆರೂರು ಬಸ್ಸಿನ ಮಾದೇವಿ

ಮದುವೆಯಾದ ದಿನ ಉಳಿವೆಪ್ಪ ಹೆಂಡತಿಗೆ ಒಂದು ಮಾತು ಕೊಟ್ಟಿದ್ದ. ತಾನಾಗಿ ಕೊಟ್ಟದ್ದಲ್ಲ, ಬಾಗಿಲಿಗೆ ಅಡ್ಡ ನಿಂತ ಹೆಂಗಸರು ಕೊಡಿಸಿದ್ದು. ನಮ್ಮ ಕಡೆ ಮದುಮಕ್ಕಳು ಹೊಸ್ತಿಲು ದಾಟುವ ಮುಂಚೆ ಒಡಪು ಹಾಕಿ ಒಬ್ಬರ ಹೆಸರನ್ನು ಇನ್ನೊಬ್ಬರು ಹೇಳಬೇಕು. ಮಲ್ಲಿಕಾ ಸವಣೂರಿನ ತವರಿನಿಂದಲೇ ಕಲಿತು ಬಂದಿದ್ದಳು. ಎಲೆ, ಅಡಿಕೆ, ಸುಣ್ಣ ಎಲ್ಲವನ್ನೂ ಪ್ರಾಸದಲ್ಲಿ ಕಟ್ಟಿ, ಕಡೆಗೆ ಗಂಡನ ಹೆಸರು ಮಡಚಿಟ್ಟು, ಸೇರು ಒದ್ದು ಒಳಗೆ ಹೋಗಿಬಿಟ್ಟಳು. ಉಳಿವೆಪ್ಪ ಹೊರಗೇ ಉಳಿದ. ಹೊಟ್ಟೆ ಹಸಿದಿತ್ತು. ತಲೆಯ ಮೇಲಿನ ಬಾಸಿಂಗ ಕಿವಿಗೆ ಇಳಿದಿತ್ತು. ಪ್ರಾಸ ಮಾತ್ರ ಎಲ್ಲಿಂದಲೂ ಬರಲೊಲ್ಲದು. ಕಡೆಗೆ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಅಂದ:

"ಮಲ್ಲಿಕಾ, ನಾ ಮುಂದ ಒಂದ ಕಾದಂಬರಿ ಬರೀತೇನಿ. ಅದನ್ನ ಎಲ್ಲಾರಕಿಂತ ಮೊದಲ ನಿನಗ ಹೇಳತೇನಿ."

"ಇದರಾಗ ಪ್ರಾಸ ಎಲ್ಲೈತೋ?" ಅಂದಳು ಸೋದರತ್ತೆ.

"ಹೆಸರ ಬಂತಲ್ರಿ, ಬಿಡ್ರಿ ಅತ್ತಾಗ. ಅನ್ನ ಆರಾಕತ್ತೇತಿ," ಅಂದರು ಅಡುಗೆಯವರು.

ಎಲ್ಲರೂ ಉಂಡು ಮರೆತರು. ಮಲ್ಲಿಕಾ ಉಂಡಳು, ಮರೆಯಲಿಲ್ಲ.

ಮುಂದೆ ಉಳಿವೆಪ್ಪ ಹಾನಗಲ್–ಹಿರೇಕೆರೂರು ಬಸ್ಸಿನ ಕಂಡಕ್ಟರಾದ. ಎರಡು ಮಕ್ಕಳ ತಂದೆಯಾದ. ನಡುವೆ ಯಾವಾಗಲೋ ಕಾದಂಬರಿಯನ್ನೂ ಬರೆದು, ಇಸ್ತ್ರಿ ಅಂಗಿ ತೊಟ್ಟು, ಹುಬ್ಬಳ್ಳಿಯ ಪ್ರಕಾಶಕ ಹೂವಪ್ಪನವರ ಮುಂದೆ ಹೋಗಿ ಕುಳಿತ. ಹೂವಪ್ಪನವರು ಓದುತ್ತಾ ಹೋದರು. ಮೊದಲ ಅಧ್ಯಾಯ ಪೂರ್ತಿ ಸೂರ್ಯ ಹುಟ್ಟುವುದಕ್ಕೇ ಖರ್ಚಾಗಿತ್ತು. ಎರಡನೆಯದರಲ್ಲಿ ಕಥಾನಾಯಕ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಮೂರನೆಯದರಲ್ಲಿಯೂ ಆತ ಅಲ್ಲಿಂದ ಎದ್ದಿರಲಿಲ್ಲ.

"ಕಂಡಕ್ಟರ್ ಸಾಹೇಬ್ರ," ಅಂದರು ಹೂವಪ್ಪ ಕನ್ನಡಕ ತೆಗೆದು, "ನಿಮ್ಮ ಬಸ್ಸು ಇಷ್ಟ ಹೊತ್ತ ಸ್ಟ್ಯಾಂಡಿನಾಗ ನಿಂತರ ಮಂದಿ ನಿಮ್ಮನ್ನ ಸುಮ್ಮನ ಬಿಡತಾರೇನ್ರಿ?"

"ಇಲ್ರಿ. ಬೈತಾರ್ರಿ."

"ಓದವ್ರೂ ಬೈತಾರ. ನಂಗ ಎರಡ ಬೇಕ ನೋಡ್ರಿ. ಓದಿದರ ಖುಷಿ ಆಗಬೇಕ, ಮಾರಾಕ ಇಟ್ಟರ ಖಾಲಿ ಆಗಬೇಕ. ಒಂದ ಇದ್ದು ಒಂದ ಇಲ್ಲದ ಪುಸ್ತಕ ನನ್ನ ಗೋದಾಮಿನಾಗ ಮಾಳಗಿ ಮಟ ಅದಾವು. ಹೊಸಾದೊಂದ ಬರೀರಿ. ಬರದದ್ದನ್ನ ನಿಮ್ಮ ಬೀಗರಿಗೆ ನೆಂಟರಿಗೆ ಹೇಳಬ್ಯಾಡ್ರಿ, ಅವರು ಚಾ ಕುಡದ ಚಲೋ ಐತಿ ಅಂತಾರ. ಸಂಬಂಧ ಇಲ್ಲದ ಮಂದೀಗೆ ಹೇಳ್ರಿ. ಅವರು ಇದು ಖರೇನ ನಡದೇತಿ ಅಂತ ನಂಬಬೇಕ, ಮುಂದೇನಾತು ಅಂತ ನಿಮ್ಮ ಜೀವಾ ತಿನ್ನಬೇಕ. ಆಗ ಬರ್ರಿ, ಅಚ್ಚ ಹಾಕೂಣು."

ಸಂಬಂಧ ಇಲ್ಲದ ಮಂದಿ ಹಾನಗಲ್ಲಿನಲ್ಲಿ ಎಲ್ಲಿ ಸಿಗಬೇಕು? ನಾಲ್ಕು ಮಾತಾಡಿದರೆ ಐದನೆಯದಕ್ಕೆ ಬೀಗತನ ಹೊರಬೀಳುವ ಊರು ಅದು. ಆದರೂ ಉಳಿವೆಪ್ಪ ಹೊಸ ಕಾದಂಬರಿ ಶುರು ಮಾಡಿದ. ಕಥೆ ಹಿರೇಬೆಂಡಿಗೇರಿಯಲ್ಲಿ ನಡೆಯುತ್ತಿತ್ತು. ಅದು ಶಿಗ್ಗಾಂವಿ ಕಡೆಯ ಊರು, ತನ್ನ ಬಸ್ಸಿನ ದಾರಿಗೆ ಬರುವುದಿಲ್ಲ, ಅಲ್ಲಿಯದು ಏನು ಬರೆದರೂ ಕೇಳುವವರಿಲ್ಲ ಎಂಬುದು ಅವನ ಲೆಕ್ಕಾಚಾರ. ಆ ಊರಲ್ಲಿ ಮಾದೇವಿ ಎಂಬ ವಿಧವೆ. ಅವಳಿಗೊಂದು ಹಿಟ್ಟಿನ ಗಿರಣಿ. ಗಿರಣಿಯ ಮೇಲೆ ಮೈದುನ ಲಕ್ಷ್ಮಪ್ಪನ ಕಣ್ಣು. ಒಂದು ಬೆಳಿಗ್ಗೆ ಮಾದೇವಿ ಬಾಗಿಲು ತೆಗೆದು ನೋಡುತ್ತಾಳೆ, ಗಿರಣಿಯ ಬೆಲ್ಟನ್ನು ಯಾರೋ ಕೊಯ್ದು ಹಾಕಿದ್ದಾರೆ!

ಇಷ್ಟನ್ನು ಮೊದಲು ಮಲ್ಲಿಕಾಗೇ ಹೇಳಲು ಹೋದದ್ದು ನಿಜ. ಅವಳು ಮಂದಿಯ ಜಂಪರು ಹೊಲಿದು ಮನೆ ತೂಗಿಸುತ್ತಿದ್ದಳು. "ಹಿರೇಬೆಂಡಿಗೇರ್ಯಾಗ ಒಬ್ಬಾಕಿ..." ಎನ್ನುವಷ್ಟರಲ್ಲಿ ಮಗಳು ಬಂದು ನಾಳೆ ಸಾಲಿಗೆ ಥರ್ಮಾಕೋಲಿನ ಜ್ವಾಲಾಮುಖಿ ಒಯ್ಯಬೇಕು ಅಂದಳು. ಮರುದಿನ ಮಗನಿಗೆ ಜ್ವರ. ಅದರ ಮರುದಿನ ಯಾರದೋ ಸೀಮಂತದ ಹನ್ನೆರಡು ಜಂಪರು. "ನಾಳೆ ಹೇಳ್ರಿ, ಎಲ್ಲಿ ಓಡಿ ಹೋಗತೈತಿ ನಿಮ್ಮ ಕಥಿ," ಅಂದಳು ಮಲ್ಲಿಕಾ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

ಉಳಿವೆಪ್ಪನಿಗೆ ಒಂದು ಕಡೆ ನಿಂತು ಗೊತ್ತಿಲ್ಲ. ಕೂತಾಗಲೂ ಬಸ್ಸಿನಲ್ಲಿದ್ದವನಂತೆ ಮೈ ಅಲುಗಾಡುತ್ತಿತ್ತು. ನಾಳೆಯವರೆಗೆ ಕಾಯುವ ಶಕ್ತಿ ದೇವರು ಅವನಿಗೆ ಕೊಟ್ಟಿರಲಿಲ್ಲ. ಬಸ್ಸಿನಲ್ಲಿ ಹೇಳಿದರೇನು? ಹೇಳಿ ನೋಡುವುದು ಹೇಳಿದಂತಾಗುವುದಿಲ್ಲ, ಬಟ್ಟೆ ಅಳತೆ ನೋಡಿದ ಮಾತ್ರಕ್ಕೆ ತೊಟ್ಟಂತಾಯಿತೇ? ಈ ವಾದ ಅವನಿಗೆ ಎಷ್ಟು ಹಿಡಿಸಿತೆಂದರೆ ಮರುದಿನವೇ ಶುರು ಮಾಡಿಬಿಟ್ಟ.

ಅವನು ಪ್ರಾಮಾಣಿಕ ಮನುಷ್ಯ. ಹಾನಗಲ್ ಸ್ಟ್ಯಾಂಡಿನಲ್ಲೇ, "ಇದು ನಾನು ಬರದ ಕಾದಂಬರಿ, ಖರೇ ಅಲ್ಲ," ಎಂದು ದೊಡ್ಡ ದನಿಯಲ್ಲಿ ಹೇಳಿಯೇ ಆರಂಭಿಸುತ್ತಿದ್ದ. ಆದರೆ ಆ ಹೊತ್ತಿಗೆ ಬಸ್ಸಿನಲ್ಲಿ ಇರುತ್ತಿದ್ದವರು ಡ್ರೈವರ್ ದಾದಾಪೀರ ಮತ್ತು ಕಿಟಕಿಯಿಂದ ಸೀಟಿನ ಮೇಲೆ ಎಸೆದ ನಾಲ್ಕು ಟವೆಲ್ಲು. ಮಂದಿ ತುಂಬುವುದು ದಾರಿಯಲ್ಲಿ, ಮುಖ್ಯವಾಗಿ ಅಕ್ಕಿಆಲೂರಿನಲ್ಲಿ. ಅವರು ಹತ್ತುವಾಗ ಮಾದೇವಿ ಆಗಲೇ ಕೊಯ್ದ ಬೆಲ್ಟು ಹಿಡಿದು ಅಳುತ್ತಿದ್ದಳು. ಬಸ್ಸು ಹತ್ತಿದವರಿಗೆ ಹೀಗೆ ಯಾರೋ ಅಳುವ ಸುದ್ದಿ ಕಿವಿಗೆ ಬಿದ್ದರೆ, ಇದು ಕಥೆಯೋ ನಿಜವೋ ಎಂದು ಯಾರು ಕೇಳುತ್ತಾರೆ? ಅವರು ಕೇಳುವುದೇ ಬೇರೆ.

"ಯಾವೂರಾಕಿರಿ?" ಅಂದಳು ನಡುವಿನ ಹಳ್ಳಿಯಲ್ಲಿ ಹತ್ತಿ ಅಕ್ಕಿಆಲೂರು ಸಂತೆಗೆ ಹೊರಟಿದ್ದ ಸೊಪ್ಪಿನ ಬುಟ್ಟಿಯ ಮುದುಕಿ.

"ಹಿರೇಬೆಂಡಿಗೇರಿ."

"ಅಯ್ಯ ಶಿವನ! ಬೆಲ್ಟ ಕೊಯ್ದಾವ ಯಾರ?"

"ಅದನ್ನ ನಾಳೆ ಹೇಳತೇನಿ. ಬರ್ರಿ, ಇಳೀರಿ, ನಿಮ್ಮ ಸ್ಟಾಪ್ ಬಂತು."

"ನಾಳೆ ಅಂದರ ಹೆಂಗೋ ಯಪ್ಪಾ? ಇವತ್ತ ಆಕಿ ಹೊಟ್ಟೀಗೆ ಏನ ತಿಂತಾಳ? ನಾ ಇಳ್ಯಾಂಗಿಲ್ಲ, ಹೇಳ."

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ. ಇಳಿಯದೆ ಕೂತರೆ ಹೋಗುವ ಗಂಟೇನು? ಸೊಪ್ಪು ಹಿರೇಕೆರೂರು ನೋಡಿ, ಬಾಡಿ, ತಿರುಗಿ ಅಕ್ಕಿಆಲೂರಿಗೆ ಬರುವಷ್ಟರಲ್ಲಿ ಸಂತೆ ಮುಗಿದಿತ್ತು. ಮರುದಿನ ಅದೇ ಮುದುಕಿ ತನ್ನ ಓಣಿಯ ಎಂಟು ಹೆಂಗಸರನ್ನು ಕರೆದುಕೊಂಡು ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ರೊಟ್ಟಿಯ ಗಂಟು.

"ಇದನ್ನ ಮಾದೇವಿಗೆ ಮುಟ್ಟಸಪಾ."

ಉಳಿವೆಪ್ಪ ಗಾಬರಿಯಾದ. "ಯವ್ವಾ, ಇದು ಕಥಿ!"

"ಗೊತ್ತೈತಿ ಬಿಡ ತಮ್ಮಾ," ಮುದುಕಿ ಉಸಿರು ಬಿಟ್ಟಳು, "ಬಡವರದೆಲ್ಲಾ ಕಥೀನ."

ರೊಟ್ಟಿಯನ್ನು ದಾದಾಪೀರ ತಿಂದ. "ಮಾದೇವಿ ಹೆಸರ್ಲೆ ತಿಂದೇನಿ, ಉಳಿವೆಪ್ಪಣ್ಣ, ಆಕೀಗೆ ಪುಣ್ಯ ಬರತೈತಿ," ಅಂದ. ಮರುದಿನ ಶೇಂಗಾ ಚಟ್ನಿ ಬಂತು. ಅದರ ಮರುದಿನ ಕೆಂಪು ಖಾರ. ಮೂರನೆಯ ದಿನ ದಾದಾಪೀರ ಮನೆಯಿಂದ ಡಬ್ಬಿ ತರುವುದನ್ನೇ ಬಿಟ್ಟ. ಹೂವಪ್ಪನವರು ಹೇಳಿದಂತೆ ಮಂದಿ ಖರೇ ಅಂತ ನಂಬಿದ್ದಾರೆ, ಜೀವ ತಿನ್ನುತ್ತಿದ್ದಾರೆ. ಉಳಿವೆಪ್ಪನಿಗೆ ಹೆದರಿಕೆಯೂ ಆಯಿತು, ಹಿಗ್ಗೂ ಆಯಿತು. ಎರಡೂ ಒಟ್ಟಿಗೆ ಆದಾಗ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಮಾಡಿದ: ಕಥೆ ಮುಂದುವರಿಸಿದ.

ಅಷ್ಟಕ್ಕೇ ನಿಂತಿದ್ದರೆ ರೊಟ್ಟಿಯಲ್ಲೇ ಮುಗಿಯುತ್ತಿತ್ತು. ಆದರೆ ಅಕ್ಕಿಆಲೂರಿನ ರೈಸ್ ಮಿಲ್ಲಿನ ಫಿಟ್ಟರ್ ಅನೀಸ ಒಂದು ದಿನ ಹೆಗಲ ಮೇಲೆ ಹಾವಿನಂಥ ರಬ್ಬರ್ ಬೆಲ್ಟು ಹಾಕಿಕೊಂಡು ಹತ್ತಿದ.

"ಮಾದೇವಕ್ಕನ ಮೋಟರ್ ಎಷ್ಟ ಎಚ್‌ಪೀದೈತ್ರಿ?"

ತನ್ನ ನಾಯಕಿಯ ಬಗ್ಗೆ ಉಳಿವೆಪ್ಪನಿಗೆ ಎಲ್ಲವೂ ಗೊತ್ತಿತ್ತು. ಅವಳ ಕಣ್ಣು, ಅವಳ ನಡೆ, ಅವಳು ಮೌನವಾಗಿ ಬಿಕ್ಕುವ ರೀತಿ. ಮೋಟರು ಮಾತ್ರ ಹೊಳೆದಿರಲಿಲ್ಲ. "ಹತ್ತು," ಅಂದ.

"ಹಂಗಾರ ಇದು ಸರಿ ಕೂಡತೈತಿ. ರೊಕ್ಕಾ ಬ್ಯಾಡ. ಹೆಣ್ಣಮಗಳು ಗಿರಣಿ ನಡಸೂದು ಸಣ್ಣ ಮಾತಲ್ಲ." ಹೀಗೆಂದು ಬೆಲ್ಟನ್ನು ಡ್ರೈವರ್ ಸೀಟಿನ ಹಿಂದೆ ನೇತುಹಾಕಿ ಇಳಿದುಹೋದ.

ಮಾದೇವಿ ಇದ್ದಾಳೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಬೆಲ್ಟೇ ನೇತಾಡುತ್ತಿತ್ತು. ಹೊಸದಾಗಿ ಹತ್ತಿದವರಿಗೆ ಹಳಬರು ಅದನ್ನು ಮುಟ್ಟಿ ತೋರಿಸುತ್ತಿದ್ದರು.

ಉಳಿವೆಪ್ಪನ ಪಕ್ಕದ ಮನೆಯ ದುರಗವ್ವ ಹಿರೇಕೆರೂರಿಗೆ ಮಗಳ ಮನೆಗೆ ಹೊರಟವಳು ಅದನ್ನು ಕಂಡಳು, ಉಳಿದದ್ದನ್ನು ಕೇಳಿದಳು. ಅವಳು ಮಗಳ ಮನೆಗೆ ಹೋಗಲೇ ಇಲ್ಲ. ಅದೇ ಬಸ್ಸಿನಲ್ಲಿ ತಿರುಗಿ ಬಂದವಳು ತನ್ನ ಮನೆಯ ಕೀಲಿಯನ್ನೂ ತೆಗೆಯದೆ ನೇರ ಮಲ್ಲಿಕಾಳ ಹೊಲಿಗೆ ಯಂತ್ರದ ಮುಂದೆ ಕುಕ್ಕರಿಸಿದಳು.

"ಮಲ್ಲಿಕಾ, ಯಾರವಾ ಆಕಿ ಮಾದೇವಿ?"

"ಯಾವ ಮಾದೇವಿ, ದುರಗಕ್ಕ?"

"ನಿನಗ ಗೊತ್ತಿಲ್ಲೇನ? ಇಡೀ ತಾಲೂಕಿಗೆ ಗೊತ್ತೈತಿ. ಹಿರೇಬೆಂಡಿಗೇರ್ಯಾಕಿ. ಗಂಡ ಸತ್ತಾಕಿ. ಗಿರಣಿ ಐತಂತ. ಆಕಿ ಸುದ್ದಿ ಬಂದರ ನಿನ್ನ ಗಂಡ ಕಣ್ಣಾಗ ನೀರ ತರತಾನ. ಊರಾಗಿನ ಹೆಂಗಸರು ಆಕೀಗೆ ರೊಟ್ಟಿ ಕಳಸ್ತಾರ. ಈಗ ಗಿರಣಿ ಬೆಲ್ಟ ಬ್ಯಾರೆ ಕೊಡಸ್ಯಾನ."

ಮಲ್ಲಿಕಾಳ ಕತ್ತರಿ ಮಾತಾಡಿತು. ಗೌಡರ ಸೊಸೆಯ ಜಂಪರಿನ ತೋಳು ಬೆನ್ನಿನವರೆಗೆ ಕತ್ತರಿಸಿ ಹೋಯಿತು. ಆಮೇಲೆ ಅವಳು ಸವಣೂರಿಗೆ, ತಮ್ಮ ಶಿವಯೋಗಿಗೆ ಫೋನು ಹಚ್ಚಿದಳು.

ಶಿವಯೋಗಿ ಎಲೆ ತೋಟದ ಕೆಲಸ ಬಿಟ್ಟು ಬೈಕು ಏರಿದ. ಹುಡುಗನಾಗಿದ್ದಾಗಿನಿಂದ ಅವನಿಗೆ ಪೊಲೀಸ್ ಆಗುವ ಆಸೆ, ಎತ್ತರ ಸಾಲದೆ ಎಲೆ ತೋಟದಲ್ಲಿ ಉಳಿದಿದ್ದ. ಹಿರೇಬೆಂಡಿಗೇರಿಯಲ್ಲಿ ಇಡೀ ದಿನ ತನಿಖೆ ನಡೆಸಿ, ಸಂಜೆ ಹಾನಗಲ್ಲಿಗೆ ಬಂದು, ಅಕ್ಕನ ಮನೆಯ ಪಡಸಾಲೆಯಲ್ಲಿ ನಿಂತುಕೊಂಡೇ ವರದಿ ಒಪ್ಪಿಸಿದ.

"ಊರಾಗ ಮೂರ ಮಂದಿ ಮಾದೇವಿ ಅದಾರ. ಒಬ್ಬಾಕಿ ಮುಪ್ಪಾನ ಮುದುಕಿ, ಕಿವಿ ಕೇಳಂಗಿಲ್ಲ. ಒಬ್ಬಾಕಿ ನಾಲ್ಕನೇತ್ತಾ ಕಲಿಯಾಕತ್ತಾಳ. ಮೂರನೇದಾಕಿ ಗಂಡ ಗಟ್ಟಿಮುಟ್ಟಾಗಿ ಅದಾನ, ನನ್ನ ಹೊಡ್ಯಾಕ ಬಂದಿದ್ದ. ಗಿರಣಿ ಎಲ್ಲಾ ಗಂಡಸರವ. ಬೆಲ್ಟ ಎಲ್ಲಾ ನೆಟ್ಟಗ ಅದಾವು."

"ಹಂಗಾರ ಅಂಥಾಕಿ ಇಲ್ಲನ ಇಲ್ಲೇನ?" ಮಲ್ಲಿಕಾಗೆ ಉಸಿರು ಬಂತು.

ದುರಗವ್ವ ತಲೆ ಆಡಿಸಿದಳು. "ತಂಗಿ, ಮ್ಯಾಲಿಂದ ಮ್ಯಾಲೆ ನೋಡಬ್ಯಾಡ. ಆ ಹೆಸರಿನಾಕಿ ಇಲ್ಲ ಅಂದರ ಹೆಸರ ಬದಲ ಮಾಡ್ಯಾನ. ಹೆಸರ ಮುಚ್ಚೋಷ್ಟ ಆಗೇತಿ ಅಂದರ ಎಷ್ಟ ಮುಂದ ಹೋಗೇತಿ ಲೆಕ್ಕಾ ಹಾಕ!"

ಇಂಥ ತರ್ಕ ತನಗೆ ಹೊಳೆಯಲಿಲ್ಲವಲ್ಲ ಎಂದು ಶಿವಯೋಗಿಗೆ ನಾಚಿಕೆಯೇ ಆಯಿತು.

ಅತ್ತ ಡಿಪೋದಲ್ಲಿ ಬೇರೆ ರಾದ್ಧಾಂತ. ಸಾಹೇಬರಾದ ಕುತುಬುದ್ದೀನರು ಉಳಿವೆಪ್ಪನನ್ನು ಕರೆಸಿದರು. ಹಿಟ್ಟು ಬೀಸಿಸಿಕೊಂಡು ಬರಲು ಹೋದ ಸೊಸೆಯಂದಿರು ಸಂಜೆಗೆ ಜೋಳದ ಸಮೇತ ಮರಳುತ್ತಾರೆ ಎಂದು ಅಕ್ಕಿಆಲೂರಿನ ಅತ್ತೆಯರು ಕೂಡಿ ದೂರು ಕೊಟ್ಟಿದ್ದರು.

"ಏನ್ರೀ ಉಳಿವೆಪ್ಪ, ಮಂದಿ ಇಳಿಯಾಂಗಿಲ್ಲಂತ?"

"ಇಳೀರಿ ಅಂತ ಕೈ ಮುಗೀತೇನ್ರಿ, ಸಾಹೇಬ್ರ."

"ಕೈ ಮುಗಿದರ ಇಳೀತಾರೇನು? ಕಥಿ ನಿಲ್ಲಸ್ರಿ." ಸಾಹೇಬರು ಎದ್ದು ಬಾಗಿಲು ಹಾಕಿಬಂದರು. ದನಿ ತಗ್ಗಿಸಿದರು. "ನಿಲ್ಲಸೂಕಿಂತ ಮೊದಲ ಒಂದ ಹೇಳ್ರಿ. ಬೆಲ್ಟ ಕೊಯ್ದಾವ ಲಕ್ಷ್ಮಪ್ಪನೋ, ಬ್ಯಾರೆಯವರೋ? ನಮ್ಮ ಮನಿಯಾಕಿ ಅಫ್ಸಾನಾ ನಿನ್ನೆ ನಿಮ್ಮ ಬಸ್ಸಿನಾಗ ಬಂದಾಳ. ಗೊತ್ತ ಮಾಡಿಕೊಂಡ ಬರಲಿಲ್ಲಂದ್ರ ಊಟಕ್ಕ ಇಡಾಂಗಿಲ್ಲ ಅಂದಾಳ."

"ಅದು ಕೊನೀ ಅಧ್ಯಾಯದಾಗ ಬರತೈತ್ರಿ. ಇನ್ನೂ ಯಾರಿಗೂ ಹೇಳಿಲ್ರಿ."

"ನಾಳೆ ಹೇಳಿ ಮುಗಸ್ರಿ. ಇದು ಆರ್ಡರ್," ಅಂದರು ಸಾಹೇಬರು.

ಆ ಸಂಜೆ ಮನೆಗೆ ಬಂದರೆ ಉಳಿವೆಪ್ಪನ ಪಡಸಾಲೆ ಪಂಚಾಯ್ತಿ ಕಟ್ಟೆಯಾಗಿತ್ತು. ಒಂದು ಕಡೆ ಶಿವಯೋಗಿ, ಒಂದು ಕಡೆ ದುರಗವ್ವ, ನಡುವೆ ಸಾಕ್ಷಿ ಹೇಳಲು ಹಿಡಿದು ತಂದಿದ್ದ ದಾದಾಪೀರ. ಮಲ್ಲಿಕಾ ಗೋಡೆಗೆ ಒರಗಿ ನಿಂತಿದ್ದಳು.

"ಮಾವಾರ," ಶಿವಯೋಗಿ ಗುಡುಗಿದ, "ಮಾದೇವಿ ಯಾರ್ರಿ?"

"ಆಕೀನ ನಾನ ಹುಟ್ಟಸೇನಿ!" ಅಂದ ಉಳಿವೆಪ್ಪ.

ಇದಕ್ಕಿಂತ ಕೆಟ್ಟ ಉತ್ತರ ಕೊಡಲು ಸಾಧ್ಯವೇ ಇರಲಿಲ್ಲ. ದುರಗವ್ವ ಬಾಯಿಗೆ ಸೆರಗು ಹಿಡಿದು, "ಮಗಳೂ ಅದಾಳೇನೋ!" ಅಂದಳು. ಶಿವಯೋಗಿ ದಾದಾಪೀರನ ಕಡೆ ತಿರುಗಿದ. "ನೀ ಹೇಳಪಾ. ಆಕೀನ ನೋಡೀಯೇನ?"

"ನೋಡಿಲ್ಲ," ಅಂದ ದಾದಾಪೀರ, ದೇವರ ಮೇಲೆ ಭಾರ ಹಾಕಿ. "ಆಕಿ ರೊಟ್ಟಿ ಅಷ್ಟ ತಿಂದೇನಿ."

ಕೆಲಸ ಪೂರ್ತಿ ಕೆಟ್ಟಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಹೂವಪ್ಪನವರು ನಿಂತಿದ್ದರು. ಮೂರು ದಿನದಿಂದ ಹುಬ್ಬಳ್ಳಿಯ ಅವರ ಅಂಗಡಿಗೆ ಈ ಕಡೆಯ ಮಂದಿ ಹೋಗಿ, ಹಾನಗಲ್ ಕಂಡಕ್ಟರ್ ಹೇಳಿದ ಮಾದೇವಿಯ ಸುದ್ದಿ ಪೇಪರಿನಲ್ಲಿ ಬಂದಿದೆಯೇ ಎಂದು ವಿಚಾರಿಸುತ್ತಿದ್ದರಂತೆ. ವ್ಯಾಪಾರದ ವಾಸನೆ ಹಿಡಿದು ಅವರು ಹಾನಗಲ್ಲಿಗೇ ಬಂದುಬಿಟ್ಟಿದ್ದರು. ಜಗಳದ ಮೂಲ ತಿಳಿದದ್ದೇ ಗಹಗಹಿಸಿ ನಕ್ಕರು.

"ಯವ್ವಾ, ಮಾದೇವಿ ಅಂತ ಯಾರೂ ಇಲ್ಲ. ಅದು ಕಾದಂಬರಿ! ಕಟ್ಟಿದ ಕಥಿ! ಮಂದೀಗೆ ಹೇಳಿ ನೋಡ್ರಿ ಅಂತ ನಾನ ಹೇಳಿದ್ದೆ."

ಪಡಸಾಲೆಯಲ್ಲಿ ಗಾಳಿ ಆಡಿತು. ಶಿವಯೋಗಿ ಉಳಿವೆಪ್ಪನನ್ನು ತಬ್ಬಿಕೊಂಡ. ದಾದಾಪೀರ ಕಣ್ಣು ಒರೆಸಿಕೊಂಡ. ದುರಗವ್ವ ತುಸು ನಿರಾಸೆಯಿಂದಲೇ, "ಅಂತೂ ಚಲೋ ಆತ ಬಿಡ್ರಿ," ಅಂದಳು. ಎಲ್ಲರೂ ಮಲ್ಲಿಕಾಳ ಮುಖ ನೋಡಿದರು. ಅವಳ ಮುಖ ಈಗ ಕೆಂಪಾಗತೊಡಗಿತ್ತು.

"ಅಕ್ಕಾ, ಇನ್ಯಾಕ ಸಿಟ್ಟು? ಹೆಂಗಸ ಇಲ್ಲ, ಬರೇ ಕಥಿ!"

"ಹೆಂಗಸ ಇದ್ದಿದ್ದರ ನಾಲ್ಕ ಮಂದೀನ ಕೂಡಿಸಿ ಬಗೀಹರಸ್ತಿದ್ದೆ," ಅಂದಳು ಮಲ್ಲಿಕಾ. "ಇದನ್ನ ಹೆಂಗ ಬಗೀಹರಸ್ಲಿ? ಎಲ್ಲಾರಕಿಂತ ಮೊದಲ ನನಗ ಹೇಳತೇನಿ ಅಂತ ಹೊಸ್ತಿಲ ಮ್ಯಾಲ ನಿಂತ ಮಾತ ಕೊಟ್ಟಾರ ಇವರು. ಸೊಪ್ಪ ಮಾರೂ ಮುದುಕಿ ಕೇಳ್ಯಾಳ. ಅನೀಸಣ್ಣ ಕೇಳ್ಯಾನ. ಡಿಪೋ ಸಾಹೇಬರ ಹೇಣತಿ ಕೇಳ್ಯಾಳ. ನಾ ಒಬ್ಬಾಕಿ ಕೇಳಿಲ್ಲ!"

"ನೀ ನಾಳೆ ನಾಳೆ ಅಂದಿ..." ಉಳಿವೆಪ್ಪ ತೊದಲಿದ.

"ನಾಳೆ ಅಂದೆ. ಅಕ್ಕಿಆಲೂರಾಗ ಅಂದ್ನೇನು?"

"ಅವತ್ತ ಬಾಗಲದಾಗ ನಾನೂ ಇದ್ನೆವಾ," ದುರಗವ್ವ ಕ್ಷಣದಲ್ಲಿ ಪಕ್ಷ ಗಟ್ಟಿ ಮಾಡಿಕೊಂಡಳು. "ಪ್ರಾಸ ಇರಲಿಲ್ಲ, ಮಾತ ಇತ್ತು."

ಹೂವಪ್ಪನವರಿಗೆ ಗಂಡಹೆಂಡಿರ ನಡುವೆ ಬರುವ ಹವ್ಯಾಸ ಇರಲಿಲ್ಲ. "ಕೊನೀ ಅಧ್ಯಾಯ ಉಳದೇತಲ್ರಿ? ನಾಳೆ ಬಸ್ಸಿನಾಗ ಹೇಳ್ರಿ, ನಾನೂ ಕುಂತ ಕೇಳತೇನಿ. ಮಂದಿ ಒಪ್ಪಿದರ ಅಲ್ಲೇ ಮಾತ ಪಕ್ಕಾ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ಕಾದಂಬರಿಯಲ್ಲಿ ಮಲ್ಲಿಕಾಗೆಂದು ಉಳಿದಿದ್ದುದು ಆ ಕೊನೆಯ ಅಧ್ಯಾಯ ಒಂದೇ. ನಾಳೆ ಬಸ್ಸು ಹೊರಡುವ ಮೊದಲು ಅದನ್ನಾದರೂ ಅವಳ ಕಿವಿಗೆ ಹಾಕಬೇಕೆಂದು ಉಳಿವೆಪ್ಪ ಮನೆ ತುಂಬ ಅವಳ ಹಿಂದೆ ಅಲೆದ. "ಮಲ್ಲಿಕಾ, ಬೆಲ್ಟ ಕೊಯ್ದಾವ..." ಅಂದರೆ ಅವಳು ಹೊಲಿಗೆ ಯಂತ್ರ ತುಳಿದಳು. ಅಡುಗೆಮನೆಗೆ ಹೋದರೆ ಮಿಕ್ಸರ್ ಹಚ್ಚಿದಳು. ನಲ್ಲಿಯ ಹತ್ತಿರ ಹೋದರೆ ತಾಮ್ರದ ಕೊಡ ಕುಕ್ಕಿದಳು. ಬೆಳಿಗ್ಗೆ ಮಕ್ಕಳ ತಲೆ ಬಾಚುವಾಗ ಸಿಕ್ಕಳು ಅಂದುಕೊಂಡರೆ, ಮಗಳಿಗೆ ಜೋರಾಗಿ ಮಗ್ಗಿ ಹೇಳಿಸತೊಡಗಿದಳು. ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ ಡ್ಯೂಟಿಯ ಹೊತ್ತಾಗಿತ್ತು.

ಆ ದಿನ ಬಸ್ಸು ಹಾನಗಲ್ ಸ್ಟ್ಯಾಂಡಿನಲ್ಲೇ ತುಂಬಿತು. ಅಕ್ಕಿಆಲೂರಿನವರು ಕಾಯಲಾರದೆ ಬೆಳಗಿನ ಬಸ್ಸಿಗೇ ಹಾನಗಲ್ಲಿಗೆ ಬಂದು ಸೀಟು ಹಿಡಿದಿದ್ದರು. ಮುಂದಿನ ಸೀಟಿನಲ್ಲಿ ಹೂವಪ್ಪನವರು, ಹಿಂದೆ ಅಫ್ಸಾನಾ, ಫುಟ್‌ಬೋರ್ಡಿನ ಮೇಲೆ ಶಿವಯೋಗಿ. ಸೊಪ್ಪಿನ ಮುದುಕಿ ಇವತ್ತು ಬುಟ್ಟಿಯನ್ನೇ ತಂದಿರಲಿಲ್ಲ. ದಾದಾಪೀರ ಎಂಜಿನ್ ಹಚ್ಚಿದ. ಉಳಿವೆಪ್ಪ ಸೀಟಿ ಬಾಯಿಗಿಟ್ಟ, ತೆಗೆದ, ಮತ್ತೆ ಇಟ್ಟ.

ಬಸ್ಸು ಅಲುಗುವಷ್ಟರಲ್ಲಿ ಮುಂದಿನ ಬಾಗಿಲಿನಿಂದ ಮಲ್ಲಿಕಾ ಹತ್ತಿದಳು. ಹಿಂದೆ ದುರಗವ್ವ. ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ಇಡೀ ಬಸ್ಸಿಗೆ ಇವಳು ಯಾರೆಂದು ಗೊತ್ತಿತ್ತು.

ಉಳಿವೆಪ್ಪ ಟಿಕೆಟ್ ಯಂತ್ರ ಹಿಡಿದು ಅವಳ ಮುಂದೆ ಹೋಗಿ ನಿಂತ. "ಎಲ್ಲೀಗ್ರಿ?"

"ಅಕ್ಕಿಆಲೂರ ಮಟ. ಗುಂಡಿ ತರೂದೈತಿ." ಅವಳು ಆಧಾರ್ ಕಾರ್ಡು ತೋರಿಸಿದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಕೊನೀದ ಹೇಳೂದಿದ್ದರ ಹೇಳ್ರಿ. ಉಳಿದದ್ದ ದುರಗಕ್ಕ ಹೇಳ್ಯಾಳ. ನಿಮಗಿಂತ ಚಲೋ ಹೇಳತಾಳ."

ಮುಂದಿನ ಸೀಟಿನಿಂದ ಹೂವಪ್ಪನವರು, "ಹೂಂ, ಜೋರಾಗಿ ಹೇಳ್ರಿ, ಎಲ್ಲಾರಿಗೂ ಕೇಳಲಿ," ಅಂದರು. "ಜೋರಾಗಿ!" ಅಂದಳು ಅಫ್ಸಾನಾ. "ಏ ಹೇಳೋ ಯಪ್ಪಾ, ಜೀವಾ ಹೋಗಾಕತ್ತೇತಿ," ಅಂದಳು ಮುದುಕಿ. ಪುಸ್ತಕ ಅಚ್ಚಾಗುವುದು ಬಿಡುವುದು ಇದರ ಮೇಲೆ ನಿಂತಿದೆ ಎಂದು ಉಳಿವೆಪ್ಪನಿಗೆ ಗೊತ್ತಿತ್ತು. ಅವನು ಹೂವಪ್ಪನವರನ್ನು ನೋಡಿದ, ಮಂದಿಯನ್ನು ನೋಡಿದ. ಆಮೇಲೆ ಸೀಟಿನ ಕಂಬಿ ಹಿಡಿದು ಬಗ್ಗಿ, ಹೆಂಡತಿಯ ಕಿವಿಗೆ ಬಾಯಿ ಹಚ್ಚಿ, ಕೊನೆಯ ಅಧ್ಯಾಯವನ್ನು ಪಿಸುಗುಟ್ಟತೊಡಗಿದ.

ದಾದಾಪೀರ ಕೇಳಿಸೀತೇನೋ ಎಂದು ಎಂಜಿನ್ ಸದ್ದು ತಗ್ಗಿಸಿ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದ. ಆದರೂ ಯಾರಿಗೂ ಒಂದಕ್ಷರ ಕೇಳಲಿಲ್ಲ. ಎಲ್ಲರೂ ಮಲ್ಲಿಕಾಳ ಮುಖವನ್ನೇ ಓದಿದರು. ಅವಳ ಹುಬ್ಬು ಮೇಲೆ ಹೋಯಿತು. "ಯಾರೋ ಬರಾಕತ್ತಾರ," ಅಂದಳು ಮುದುಕಿ. ಮಲ್ಲಿಕಾ ತುಟಿ ಕಚ್ಚಿದಳು. "ಲಕ್ಷ್ಮಪ್ಪ ಸಿಕ್ಕ!" ಅಂದ ಹಿಂದಿನಿಂದ ಒಬ್ಬ. ಅವಳು ಗಂಡನ ತೋಳಿಗೆ ಕೈಚೀಲದಿಂದ ಒಂದು ಬಾರಿಸಿದಳು. "ಲಕ್ಷ್ಮಪ್ಪ ಅಲ್ಲ!" ಅಂದ ಅವನೇ. ಆಮೇಲೆ ಅವಳು ಕಣ್ಣಿಗೆ ಸೆರಗು ಹಚ್ಚಿದಳು, ಇಡೀ ಬಸ್ಸಿನ ಹೆಂಗಸರು ಏಕೆಂದು ತಿಳಿಯದೆಯೇ ಸೆರಗು ಹಚ್ಚಿದರು. ಕಡೆಗೆ ಸೆರಗಿನ ಹಿಂದಿನಿಂದ ನಗು ಬಂತು, ಮೊದಲು ತಡೆದು ತಡೆದು, ಆಮೇಲೆ ಭುಜ ಕುಣಿಯುವಂತೆ.

"ಅಯ್ಯ, ಆಕಿನ..." ಅಂದವಳು ಬಾಯಿ ಮುಚ್ಚಿಕೊಂಡಳು.

"ಯಾಕಿ? ಯಾಕಿ?" ಬಸ್ಸೇ ಎದ್ದು ನಿಂತಿತು.

ಅಕ್ಕಿಆಲೂರು ಬಂತು. ಮಲ್ಲಿಕಾ ಎದ್ದಳು. ಅವಳ ಸೆರಗು, ಕೈಚೀಲ, ಕೈ, ಸಿಕ್ಕಿದ್ದನ್ನೆಲ್ಲ ಮಂದಿ ಹಿಡಿದುಕೊಂಡರು.

"ತಂಗಿ, ಏನಾತ ಹೇಳಿ ಹೋಗವಾ!"

"ಬೆಲ್ಟ ಕೊಟ್ಟಾವ ನಾನು, ನನಗರ ಹೇಳ್ರಿ ಅಕ್ಕಾರ!" ಕೆಳಗಿನಿಂದ ಅನೀಸ ಕೂಗಿದ.

ಮಲ್ಲಿಕಾ ಮೆಟ್ಟಿಲ ಮೇಲೆ ನಿಂತು ತಿರುಗಿದಳು. "ಪುಸ್ತಕ ಬರತೈತಿ, ತಗೊಂಡ ಓದ್ರಿ. ಬಸ್ಸಷ್ಟ ಪುಕ್ಕಟೆ. ಕಥಿ ಪುಕ್ಕಟೆ ಅಲ್ಲ."

ಇಳಿದು ಗುಂಡಿಯ ಅಂಗಡಿ ಕಡೆ ಹೊರಟೇಬಿಟ್ಟಳು. ದುರಗವ್ವ ಅವಳ ಹಿಂದೆ ಓಡಿದಳು. ಆಮೇಲೆ ಅಫ್ಸಾನಾ ಹೂವಪ್ಪನವರ ಹೆಗಲು ತಟ್ಟಿ, "ನನ್ನ ಹೆಸರಿಗೆ ಎರಡ ಇಡ್ರಿ, ಒಂದ ಸಾಹೇಬ್ರಿಗೆ," ಅಂದಳು. ಅದಾದ ಮೇಲೆ ಬಸ್ಸಿನ ತುಂಬ ಕೈಗಳೇ. ಓದಲು ಬಾರದ ಸೊಪ್ಪಿನ ಮುದುಕಿಯೂ ಮೊಮ್ಮಗಳು ಓದುತ್ತಾಳೆಂದು ತನಗೊಂದು ಅಂದಳು. ಆಮೇಲೆ ನೆನಪಾಗಿ, "ಪುಸ್ತಕ ಇರಲಿ, ಮಾದೇವಿಗೆ ರೊಟ್ಟಿ ಯಾರ ಮುಟ್ಟಸ್ತೀರಿ?" ಎಂದು ಗಂಟು ಮುಂದೆ ಹಿಡಿದಳು. ದಾದಾಪೀರ ಹಿಂದೆ ತಿರುಗದೆಯೇ ಕೈ ಚಾಚಿದ.

"ಇಪ್ಪತ್ತ ವರ್ಷ ಪುಸ್ತಕ ಮಾರಾಕತ್ತೇನಿ," ಅಂದರು ಹೂವಪ್ಪ, ಬೆವರು ಒರೆಸಿಕೊಂಡು, "ಹಿಂಗ ಮಾರೂದ ನನಗ ತಿಳಿದಿರಲಿಲ್ಲ. ಅಚ್ಚ ಹಾಕೂಣು. ಅಂದಂಗ ಕಂಡಕ್ಟರ್ ಸಾಹೇಬ್ರ, ಬೆಲ್ಟ ಕೊಯ್ದಾವ್ರು ಯಾರ?"

ಉಳಿವೆಪ್ಪ ಸೀಟಿ ಊದಿದ. ಬಸ್ಸು ಹಿರೇಕೆರೂರಿನ ಕಡೆ ಹೊರಟಿತು.

ಕಾದಂಬರಿಯನ್ನು ಎಲ್ಲರಿಗಿಂತ ಮೊದಲು ಹೆಂಡತಿಗೆ ಹೇಳುತ್ತೇನೆಂದು ಉಳಿವೆಪ್ಪ ಕೊಟ್ಟ ಮಾತು ಮುರಿದಿತ್ತು. ಕೊನೆಯ ಅಧ್ಯಾಯದ ಮಟ್ಟಿಗೆ ಮಾತ್ರ ಉಳಿಯಿತು.